ಐದೂವರೆ ಅಡಿಯ ಟಬ್ಬು

"ಸಾಹೇಬ್ರ, ಇದು ಹೊನವಾಡದ ಹೊಲ ಅಲ್ರಿ, ಟಬ್ ಐತಿ," ಎಂದು ಅಂಗಡಿಯ ಅಬ್ದುಲಸಮದ ನಕ್ಕ.

ಅನೂಪ ನಗಲಿಲ್ಲ. ಸ್ಟೇಷನ್ ರಸ್ತೆಯ ಆ ಅಂಗಡಿಯ ನೆಲಕ್ಕೆ ಮೊಣಕಾಲೂರಿ, ಬಿಳಿ ಟಬ್ಬಿನೊಳಗೆ ತನ್ನ ಉಕ್ಕಿನ ಟೇಪನ್ನು ಈ ತುದಿಯಿಂದ ಆ ತುದಿಗೆ ಚಾಚಿ ಹಿಡಿದಿದ್ದ. ಚೀಟಿಯಲ್ಲಿ ನಾಲ್ಕೂವರೆ ಅಡಿ ಎಂದು ಬರೆದಿತ್ತು. ಅದು ಹೊರಗಿನ ಅಳತೆ. ಒಳಗೆ ಸರಿಯಾಗಿ ನಾಲ್ಕು ಅಡಿ. ತಿಕೋಟಾದ ಕಚೇರಿಯಲ್ಲಿ ಹನ್ನೊಂದು ವರ್ಷ ಸರ್ವೇಯರ್ ಆಗಿ ಸುತ್ತಮುತ್ತಲಿನ ಊರುಗಳ ಹೊಲ ಅಳೆದವನು ಅವನು. ಇನ್ನೊಬ್ಬರು ಬರೆದಿಟ್ಟ ಅಳತೆಯನ್ನು ನಂಬಿ ರೂಢಿಯಿರಲಿಲ್ಲ. ನಿನ್ನೆ ಸಂಜೆ ಮಗಳನ್ನು ಹಾಸಿಗೆಯ ಮೇಲೆ ಮಲಗಿಸಿ, "ಇವತ್ತ ನಿನ್ನ ಮೋಜಣಿ," ಎಂದು ಆಟ ಹೂಡಿ ಅವಳನ್ನೂ ಅಳೆದಿದ್ದ. ಮೂರು ಅಡಿ ಹನ್ನೊಂದು ಇಂಚು.

"ಕೂಸಿಗೆ ಎಷ್ಟು ವಯಸ್ಸುರಿ?" ಅಬ್ದುಲಸಮದ ಕೇಳಿದ.

"ಒಂಬತ್ತು."

"ಹಂಗಾರ ಇದನ್ಯಾಕ ಅಳ್ಯಾಕತ್ತೀರಿ? ಬೆಳಿಯೂ ಕೂಸು. ಎರಡ ವರ್ಷಕ್ಕ ಕಾಲು ಹೊರಗ ಬರ್ತಾವು. ಆಮ್ಯಾಲ ಇದ್ರಾಗ ಬಾಳಿಗಿಡ ಹಚ್ಚತೀರೇನು? ಮಗ್ಗಲದ್ದು ನೋಡ್ರಿ. ಐದೂವರಿ ಫೂಟು. ಅದೇ ಮೋಟರು, ಅದೇ ಹೀಟರು."

ಟೇಪು ಅನೂಪನ ಕೈಯಿಂದ ಜಾರಿ, ಸರ್ರನೆ ಸುತ್ತಿಕೊಂಡು ಡಬ್ಬಿಯೊಳಗೆ ಹೋಯಿತು.

ಎರಡು ವರ್ಷ ಎಂದು ಸೋಲಾಪುರದ ಡಾಕ್ಟರೂ ಹೇಳಿದ್ದರು. ಅದಾಗಿ ನಾಲ್ಕು ತಿಂಗಳಾಗಿತ್ತು. ಮಗಳು ಸಂಪದಾಳ ಕೈಕಾಲುಗಳ ಬಲ ಅವಳು ನಿಲ್ಲುವುದನ್ನು ಕಲಿಯುವ ಮೊದಲೇ ಇಳಿಯತೊಡಗಿ, ಈಗ ಕುತ್ತಿಗೆಯೂ ನೆಟ್ಟಗೆ ನಿಲ್ಲುತ್ತಿರಲಿಲ್ಲ. ಆ ಆಸ್ಪತ್ರೆಯಲ್ಲಿ ಅವಳನ್ನು ಬಿಸಿನೀರಿನ ಸಣ್ಣ ಕೊಳದಲ್ಲಿ ಇಳಿಸಿದಾಗ, ವರ್ಷದಿಂದ ಅಲುಗದಿದ್ದ ಬಲಗಾಲು ತಾನಾಗಿ ಮೇಲೆದ್ದಿತ್ತು. "ಅಪ್ಪಾ, ಇಲ್ಲೆ ನೋಡು, ಯಾರೂ ಹಿಡದಿಲ್ಲ!" ಎಂದು ಅವಳು ಕೂಗಿದ್ದು ಹೊರಗೆ ಸಾಲಿನಲ್ಲಿ ಕುಳಿತವರಿಗೂ ಕೇಳಿಸಿತ್ತು. ಆಮೇಲೆ ಡಾಕ್ಟರು ಅನೂಪನೊಬ್ಬನನ್ನೇ ಪಡಸಾಲೆಗೆ ಕರೆದರು. ಉಸಿರಾಟದ ಸ್ನಾಯುಗಳೂ ಸೋಲುತ್ತಿವೆ, ಎರಡು ವರ್ಷ, ಅದೂ ಹೆಚ್ಚೇ ಎಂದರು. ಸಾಧ್ಯವಾದರೆ ಮನೆಯಲ್ಲೇ ಇಂಥದೊಂದು ನೀರಿನ ಅನುಕೂಲ ಮಾಡಿಕೊಡಿ ಎಂದರು. ಒಳಗೆ ಬಂದ ಅನೂಪ ಹೆಂಡತಿಗೆ ಹೇಳಿದ್ದು ನೀರಿನ ಮಾತನ್ನು ಮಾತ್ರ.

ಅಂಗಡಿಯಲ್ಲಿ ಹೆಂಡತಿ ಧನಶ್ರೀ ಆಗಲೇ ದೊಡ್ಡ ಟಬ್ಬಿನ ಬಳಿ ನಿಂತಿದ್ದಳು. ಅವಳು ಅಲ್ಲೇ ನಿಲ್ಲುತ್ತಾಳೆಂದು ಅನೂಪನಿಗೆ ಗೊತ್ತಿತ್ತು. ಮಗಳಿಗೆ ಏನು ತಂದರೂ ಒಂದು ಸೈಜು ದೊಡ್ಡದು ತರುವವಳು. ನಡೆಯದ ಹುಡುಗಿಗೆ ಪ್ರತಿ ವರ್ಷ ಚಪ್ಪಲಿ ತರುತ್ತಿದ್ದಳು, ಅದೂ ಒಂದು ನಂಬರು ಹೆಚ್ಚಿನದು. ಅವುಗಳ ತಳ ಅಂಗಡಿಯಿಂದ ಬಂದ ಹಾಗೆಯೇ ಇರುತ್ತಿತ್ತು. ಫ್ರಾಕುಗಳನ್ನು ತಾನೇ ಹೊಲಿಯುವಳು. ಕೆಳಗಡೆ ನಾಲ್ಕು ಬೆರಳಿನಷ್ಟು ಅರಿವೆಯನ್ನು ಒಳಗೆ ಮಡಚಿ ಹೊಲಿದು, ವರ್ಷಕ್ಕೊಮ್ಮೆ ಹೊಲಿಗೆ ಬಿಚ್ಚಿ ಇಳಿಸುವಳು. ಬಿಚ್ಚಿದ ಜಾಗದಲ್ಲಿ ಬಣ್ಣ ಮಾಸದೆ ಹೊಸದಾಗಿಯೇ ಉಳಿದಿರುತ್ತಿತ್ತು.

"ಇದು ಇರಲಿರಿ," ಎಂದಳು.

"ನೀರಿನ ವಿಚಾರ ಮಾಡು," ಅನೂಪ ಎದ್ದು ನಿಂತ. "ನಳ ಬರೂದು ಆರು ದಿನಕ್ಕೊಮ್ಮೆ. ಸಣ್ಣದಕ್ಕ ಎರಡನೂರಾ ಐವತ್ತು ಲೀಟರ್ ಸಾಕು. ಇದು ಅದರ ಎರಡರಷ್ಟು ಕುಡೀತದ."

"ನೀರು ನಾ ನೋಡ್ಕೋತೀನಿ. ಕಮ್ಮಿ ಬಿದ್ರ ಟ್ಯಾಂಕರ್ ಹಾಕಿಸಿದ್ರಾತು."

"ಬಚ್ಚಲದ ಬಾಗಿಲದಾಗ ಹಿಡಿಯೂದಿಲ್ಲ."

"ಹಿಂದಿನ ಕೋಲ್ಯಾಗ ಇಡೂಣು."

"ಅಲ್ಲಿ ಅವ್ವನ ಮಡಿ ಸೀರಿ ಒಣಗ್ತಾವ."

"ಅವ್ವನ್ನ ಕೇಳೀನಿ. ಹೂಂ ಅಂದಾರ."

ಅನೂಪನಿಗೆ ಇನ್ನು ಹೇಳಲು ಇದ್ದದ್ದು ಒಂದೇ ಕಾರಣ. ಅದು ನಾಲಿಗೆಯ ತುದಿಗೆ ಬಂದು ನಿಂತಿತು. ಸಿಮೆಂಟ್ ಧೂಳು ಹಿಡಿದ ಅಂಗಡಿ, ಗೋಡೆಗೆ ಸಾಲಾಗಿ ನಿಲ್ಲಿಸಿದ ಕಮೋಡುಗಳು, ನಲ್ಲಿಗಳು. ಇಲ್ಲಿ ನಿಂತು ಹೇಳುವ ಮಾತಲ್ಲ. ಹಾಗೆ ನೋಡಿದರೆ ನಾಲ್ಕು ತಿಂಗಳಿನಿಂದ ಅವನಿಗೆ ಅದನ್ನು ಹೇಳುವಂಥ ಜಾಗ ಎಲ್ಲೂ ಸಿಕ್ಕಿರಲಿಲ್ಲ.

ಅಷ್ಟರಲ್ಲಿ ಧನಶ್ರೀ ಚಪ್ಪಲಿ ಬಿಟ್ಟು, ಸೀರೆ ಎತ್ತಿ ಹಿಡಿದು, ಟಬ್ಬಿನೊಳಗೆ ಕಾಲಿಟ್ಟಳು. ಒಂದು ತುದಿಗೆ ಬೆನ್ನು ಕೊಟ್ಟು ಕುಳಿತು ಕಾಲು ಅಗಲಿಸಿ ಚಾಚಿದಳು. ಎರಡೂ ಕೈಗಳನ್ನು ಎದೆಯ ಮುಂದೆ ಬಳಸಿ ಹಿಡಿದು, ಹಾಗೇ ಸ್ವಲ್ಪ ಹೊತ್ತು ಕುಳಿತಳು.

"ವೈನಿಯವ್ರು ತಮಗ ತಗೊಳ್ಳಾಕತ್ತಾರೇನ್ರಿ?" ಅಬ್ದುಲಸಮದ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕ.

"ಏಳು, ಮಂದಿ ನೋಡ್ತಾರ," ಎಂದ ಅನೂಪ.

"ನೋಡ್ಲಿ. ಸೀರಿ ಆರಿಸೂ ಮುಂದ ಮೈಮ್ಯಾಲ ಹಾಕ್ಕೊಂಡು ನೋಡೂದಿಲ್ಲೇನು?" ಎಂದವಳು, ಎದ್ದು ಬಗ್ಗಿ ನೀರು ಹೊರಬೀಳುವ ತೂತನ್ನು ಬೆರಳಿಂದ ಮುಟ್ಟಿ ನೋಡಿದಳು. "ಇದ ಇರಲಿ."

ಚೀಟಿ ಬರೆಯುತ್ತ ಅಬ್ದುಲಸಮದ ಸಮಾಧಾನದ ಮಾತಾಡಿದ. "ಒಳ್ಳೆ ಕೆಲಸ ಮಾಡಿದ್ರಿ ಸಾಹೇಬ್ರ. ಮಗಳು ಲಗ್ನ ಆಗಿ ಹೋಗೂತನಾ ಚಿಂತಿ ಇಲ್ಲ."

ಧನಶ್ರೀ ಅವನಿಗೆ ಕೈ ಮುಗಿದಳು. ಅನೂಪ ರಸ್ತೆಯ ಕಡೆ ತಿರುಗಿದ. ಪಾಪ, ಏನೂ ಅರಿಯದೆ ಹೇಗೆ ಕೈ ಮುಗಿಯುತ್ತಾಳೆ ಎಂದುಕೊಂಡ. ಇನ್ನೆರಡು ವರ್ಷಕ್ಕೆ ಆ ಟಬ್ಬು ಹಿಂದಿನ ಕೋಣೆಯಲ್ಲಿ ಖಾಲಿ ಬಿದ್ದಿರುವಾಗ ಇವಳು ಅದನ್ನು ದಾಟಿ ಹಿತ್ತಲಿಗೆ ಹೇಗೆ ಹೋದಾಳು?

ಟಂಟಂ ಗಾಡಿಯಲ್ಲಿ ಟಬ್ಬು ಮನೆಗೆ ಬಂತು. ಅನೂಪನ ತಾಯಿ ಆನಂದೀಬಾಯಿ ತಾವೇ ಮಡಿ ಸೀರೆಯ ಕೋಲು ಇಳಿಸಿ, ಕೋಣೆಯನ್ನು ಒರೆಸಿಟ್ಟಿದ್ದರು. ಜಾಗ ಬಿಟ್ಟುಕೊಟ್ಟರೂ ಮಾತು ಬಿಟ್ಟುಕೊಡುವವರಲ್ಲ.

"ನಿಂತ ನೀರಾಗ ಕೂತು ಏಳೂದು ಎಮ್ಮಿ ಕೆಲಸ. ಸ್ನಾನ ಅಂದ್ರ ನೀರು ನೆತ್ತಿ ಮ್ಯಾಲಿಂದ ಇಳೀಬೇಕು."

"ಹಂಗಾರ ನಾ ಎಮ್ಮಿ, ಅಜ್ಜಿ," ದಿಂಬುಗಳ ನಡುವೆ ಒರಗಿದ್ದ ಸಂಪದಾ ಹೇಳಿದಳು. "ದಿನಾ ಹಾಲು ಕೊಡ್ತೀನಿ. ಮೇವಿಗೆ ಚಕ್ಕುಲಿ ಹಾಕು."

"ಬಾಯಿ ನೋಡು! ಬಲ ಎಲ್ಲಾ ಬಾಯಾಗ ಬಂದು ಕೂತದ," ಎಂದು ಮುದುಕಿ ನಗುತ್ತಲೇ ಒಳಗೆ ಹೋದರು. ತುಸು ಹೊತ್ತಿಗೆ ಅಡುಗೆಮನೆಯಲ್ಲಿ ಮೂಗು ಸೀಟಿದ ಸದ್ದು ಕೇಳಿಸಿತು.

ಬುಧವಾರ ಮುಂಜಾನೆ ನಳ ಬಂತು. ಟಬ್ಬು ತುಂಬಲು ಒಂದು ತಾಸು ಹಿಡಿಯಿತು. ಅನೂಪ ರಜೆ ಹಾಕಿ, ಹೀಟರು ಹಚ್ಚಿ, ಮೊಣಕೈ ಅದ್ದಿ ಅದ್ದಿ ಬಿಸಿ ನೋಡಿದ. ಮೋಟರಿನ ಗುಂಡಿ ಒತ್ತಿದೊಡನೆ ನೀರು ಕುದಿಯುವ ಎಸರಿನಂತೆ ಗುಳುಗುಳು ಎನ್ನತೊಡಗಿತು. ಧನಶ್ರೀ ನೀರಿಗೆಂದೇ ಹೊಲಿದ ಹಸಿರು ಫ್ರಾಕನ್ನು ಮಗಳಿಗೆ ತೊಡಿಸಿದ್ದಳು. ಅನೂಪ ಮಗಳನ್ನು ಎತ್ತಿಕೊಂಡು ಬಂದು ಪಕ್ಕದ ಮಂಚದ ಮೇಲೆ ದಿಂಬಿಗೆ ಒರಗಿಸಿದ. ತೊಡೆಯವರೆಗೆ ಸರಿದಿದ್ದ ಫ್ರಾಕನ್ನು ಮೊಣಕಾಲಿಗೆ ಎಳೆಯುವಾಗ ಅವನ ಹೆಬ್ಬೆರಳಿಗೆ ಅದರ ಅಂಚು ಸಿಕ್ಕಿತು. ಅವನು ಅದನ್ನು ತಿರುವಿ ನೋಡಿದ. ಮಡಿಕೆ ಇರಲಿಲ್ಲ. ಎಳೆ ಬಿಚ್ಚದಿರಲೆಂದು ಅಂಚಿಗೆ ಒಂದು ತೆಳು ಹೊಲಿಗೆ ಹಾಕಿತ್ತು, ಅಷ್ಟೇ. ಫ್ರಾಕು ಸಂಪದಾಳಿಗೆ ಇವತ್ತಿನ ಅಳತೆಗೆ ಸರಿಯಾಗಿತ್ತು.

"ಅರಿವಿ ಕಮ್ಮಿ ಬಿತ್ತೇನು?" ಅವನು ಕೇಳಿದ.

ಧನಶ್ರೀ ಸೆರಗನ್ನು ಸೊಂಟಕ್ಕೆ ಸಿಕ್ಕಿಸುತ್ತಿದ್ದಳು. "ಇಲ್ಲ. ಉಳದದ. ಕಪಾಟಿನ್ಯಾಗ ಅದ."

ಅವನು ಅವಳನ್ನೇ ನೋಡಿದ. ಅವಳು ನೋಟ ತಪ್ಪಿಸಲಿಲ್ಲ.

"ಯಾವಾಗಿಂದ ಗೊತ್ತು?"

"ಸೋಲಾಪುರದಾಗ ನೀವು ಪಡಸಾಲಿಯಿಂದ ಒಳಗ ಬಂದಾಗಿಂದ."

"ಮತ್ತ... ದೊಡ್ಡ ಟಬ್ಬು?"

"ಆಕೀ ಕುತ್ತಿಗಿ ಯಾರು ಹಿಡೀಬೇಕ್ರಿ?" ಎಂದಳು ಧನಶ್ರೀ. ಕೊತ್ತಂಬರಿ ಬೆಲೆ ಹೇಳುವಷ್ಟು ಸಾಧಾರಣವಾಗಿ ಹೇಳಿದಳು. "ನೀವು ಆಕೀನ್ನಷ್ಟ ಅಳದು ಬಂದಿದ್ರಿ."

ಸೀರೆಯುಟ್ಟಂತೆಯೇ ನೀರಿಗಿಳಿದು, ಅಂಗಡಿಯಲ್ಲಿ ಕುಳಿತ ಹಾಗೆ ಬೆನ್ನು ಕೊಟ್ಟು ಕುಳಿತು, ಕೈ ಚಾಚಿದಳು. ಅನೂಪ ಮಗಳನ್ನು ಆ ಕೈಗಳ ನಡುವೆ ಇಳಿಸಿದ. ತಲೆ ತಾಯಿಯ ಎದೆಗೆ ಒರಗಿತು. ಮೊದಲು ಬಲಗಾಲು, ಆಮೇಲೆ ಎಡಗಾಲು, ನಿಧಾನಕ್ಕೆ ಮೇಲೆದ್ದು ತೇಲಿದವು. ಹಸಿರು ಫ್ರಾಕು ಸುತ್ತಲೂ ಹರಡಿತು. ಬಾಗಿಲಾಚೆ ಆನಂದೀಬಾಯಿ, ಕೊನೆಗೆ ನೆತ್ತಿಯ ಮೇಲೆ ಸುರಿಯಲೆಂದು, ತುಂಬಿದ ತಂಬಿಗೆ ಹಿಡಿದು ಕಾಯುತ್ತ ನಿಂತಿದ್ದರು.

"ಅಪ್ಪಾ, ನನ್ನ ಕಾಲು ಆ ತುದಿಗೆ ಮುಟ್ಟವಲ್ಲವು," ಸಂಪದಾ ಹೇಳಿದಳು. "ಟೇಪು ತಗೊಂಡು ಬಾ. ಇನ್ನ ಎಷ್ಟು ಬೆಳೀಬೇಕು ನೋಡು."

ಅನೂಪ ಒದ್ದೆ ಕೈಯನ್ನು ಅಂಗಿಗೆ ಒರೆಸುತ್ತಲೇ ಇದ್ದ.

"ತಗೊಂಡು ಬರ್ರಿ," ಎಂದಳು ಧನಶ್ರೀ, ಮಗಳ ನೆತ್ತಿಗೆ ಗದ್ದ ಊರಿ.

ಅವನು ಟೇಪು ತಂದು ಟಬ್ಬಿನ ಪಕ್ಕ ಮೊಣಕಾಲೂರಿದ. ತುದಿಯನ್ನು ಅವಳ ಹಿಮ್ಮಡಿಗೆ ಹಿಡಿದು, ನೀರಿನೊಳಗೆ ಎಳೆದು, ಟಬ್ಬಿನ ಆಚೆಯ ಬಿಳಿ ಬದಿಗೆ ತಾಗಿಸಿ ಬಗ್ಗಿ ನೋಡಿದ. ಅಂಕಿಗಳು ಅಲುಗುತ್ತಿದ್ದವು.

"ಎಷ್ಟದ?"

"ನೀರು ಅಳ್ಳಾಡ್ಲಿಕ್ಕತ್ತದ ಪುಟ್ಟಿ. ಕಾಣವಲ್ದು."

"ಮೋಟರ್ ಬಂದ್ ಮಾಡಿ ನೋಡು."

ಗುಂಡಿ ಅವನ ಕೈಗೆ ಎಟಕುವಷ್ಟೇ ದೂರದಲ್ಲಿತ್ತು.

"ಬ್ಯಾಡ, ನಡೀಲಿ ಬಿಡ್ರಿ," ಎಂದಳು ಧನಶ್ರೀ.

ಮೋಟರು ನಡೆಯುತ್ತಲೇ ಇತ್ತು. ನೀರಿನಡಿ ಟೇಪಿನ ಕಪ್ಪು ಅಂಕಿಗಳು ಒಡೆಯುತ್ತ, ಕೂಡುತ್ತ, ಮತ್ತೆ ಒಡೆಯುತ್ತ ಇದ್ದವು. ಅವನು ಹಿಡಿದ ತುದಿಯನ್ನು ಬಿಡದೆ ನೋಡುತ್ತ ಕುಳಿತ.