ಅಳಿಸದ ಕೈ

ಇದು ನಡೆದದ್ದು ನಡೆದ ಹಾಗೆಯೇ. ಉಪ್ಪುಖಾರ ಹಚ್ಚಿದ್ದರೂ ಒಂದು ಚಿಟಿಕೆ ಮಾತ್ರ.

ಆ ಸ್ಟುಡಿಯೋದಾಕೆಗೆ ‘ಕೈ ಮೇಡಂ’ ಎಂದೇ ಹೆಸರು ಬಿದ್ದಿತ್ತು. ಹುಟ್ಟಿ ಹತ್ತು ಹದಿನೈದು ದಿನವಾದ ಕೂಸುಗಳ ಫೋಟೋ ತೆಗೆಯುವುದು ಆಕೆಯ ಕಸುಬು. ಕೂಸು ಬಾಗಿಲೊಳಗೆ ಬಂದ ಗಳಿಗೆಯಿಂದ ಹೊರಗೆ ಹೋಗುವ ಗಳಿಗೆಯವರೆಗೆ ಅದರ ಮೇಲೆ ಒಂದು ಕೈ ಇರಲೇಬೇಕು, ತನ್ನದೋ ಮನೆಯವರದೋ. ಉಂಗುರ, ಬಳೆ, ವಾಚು ಬಾಗಿಲಲ್ಲೇ ಬಿಚ್ಚಿಸುತ್ತಿದ್ದಳು. ಉಗುರು ನೋಡುತ್ತಿದ್ದಳು. ಮೊಣಕೈವರೆಗೆ ಸೋಪು ಹಚ್ಚಿ ತೊಳೆಸುತ್ತಿದ್ದಳು.

“ಫೋಟೋ ತೆಗೆಸೋಕೆ ಬಂದ್ವೋ, ಆಪರೇಷನ್ ಮಾಡೋಕೆ ಬಂದ್ವೋ?”

ಕೇಳಿದವನು ಹನ್ನೊಂದು ದಿನದ ಹೆಣ್ಣುಕೂಸಿನ ಅಪ್ಪ. ಅವನ ಬೆನ್ನಿಗೆ ನಿದ್ದೆಗೆಟ್ಟ ಕಣ್ಣಿನ ಅವನ ಹೆಂಡತಿ, ಎದೆಗವಚಿದ ಕೂಸು. ಅವಳ ಬೆನ್ನಿಗೆ ಅವಳ ತಮ್ಮ. ಈ ತಮ್ಮನಿಗೆ ಕಂಡಕಂಡವರ ದನಿ ಕದಿಯುವ ಚಾಳಿ. ಬಂದ ಐದೇ ನಿಮಿಷಕ್ಕೆ ಕ್ಯಾಮೆರಾದ ‘ಕಟಕ್’, ಹೀಟರಿನ ಗೊರಗೊರ, ಕೈ ಮೇಡಂನ “ನಿಧಾನ, ನಿಧಾನ” ಎಲ್ಲವೂ ಅವನ ಗಂಟಲು ಸೇರಿದ್ದವು.

“ಸುಮ್ನಿರೋ, ಮಗು ಎದ್ದೀತು,” ಎಂದಳು ಅಕ್ಕ.

“ಏಳೋದು ಯಾಕೆ? ಅದರ ಪರವಾಗಿ ನಾನೇ ಅತ್ತುಬಿಡ್ತೀನಿ,” ಎಂದವನು ಅತ್ತೂ ತೋರಿಸಿದ. ಮೊದಲು ಎರಡು ಬಿಕ್ಕು. ಆಮೇಲೆ ಉಸಿರೇ ಕಟ್ಟಿತೇನೋ ಎನ್ನುವಂಥ ಮೌನ. ಆಮೇಲೆ ಕಿರ್ರನೆ ಏರಿದ ಚೀರು. ಕೂಸು ಮಡಿಲಲ್ಲಿ ತಣ್ಣಗೆ ಮಲಗಿದ್ದರೂ ಅಕ್ಕನ ಕೈ ತಾನಾಗಿ ಅದನ್ನು ತಟ್ಟಿತು.

ಅಪ್ಪನಿಗೆ ಬೇಕಿದ್ದುದು ಒಂದೇ ಫೋಟೋ. ಮೊಬೈಲಿನಲ್ಲಿ ತೋರಿಸಿದ: ಮೊಣಕೈ ಊರಿ, ಎರಡೂ ಅಂಗೈ ಮೇಲೆ ಗಲ್ಲವಿಟ್ಟು, ನಿವೃತ್ತ ಹೆಡ್‌ಮಾಸ್ತರರ ಹಾಗೆ ಘನ ಯೋಚನೆಯಲ್ಲಿ ಮುಳುಗಿದ ಒಂದು ಕೂಸು.

“ನಾವಿದನ್ನ ಕಪ್ಪೆ ಭಂಗಿ ಅಂತೀವಿ,” ಎಂದಳು ಕೈ ಮೇಡಂ. “ಇದು ಒಂದು ಫೋಟೋ ಅಲ್ಲ ಸಾರ್, ಎರಡು. ಒಂದ್ಸಲ ತಲೆ ಹಿಡ್ಕೊಂಡು ತೆಗೀತೀವಿ, ಇನ್ನೊಂದ್ಸಲ ಮಣಿಕಟ್ಟು ಹಿಡ್ಕೊಂಡು. ಆಮೇಲೆ ಕಂಪ್ಯೂಟರಲ್ಲಿ ಎರಡನ್ನೂ ಸೇರಿಸಿ ಕೈ ಅಳಿಸ್ತೀವಿ.”

“ಅಳಿಸೋದು ಬೇಡ. ಒಂದೇ ಒಂದು ಸೆಕೆಂಡ್ ಕೈ ಬಿಡಿ. ಕಟಕ್ ಅನ್ನೋಷ್ಟು ಹೊತ್ತು.”

“ಆಗಲ್ಲ ಸಾರ್.”

“ಮುಂದಿನ ರಸ್ತೆ ಸ್ಟುಡಿಯೋದವರು ಆಗುತ್ತೆ ಅಂದ್ರು.”

ಅಲ್ಲಿಗೇ ನಿಲ್ಲಿಸಿದ್ದರೆ ಕೈ ಮೇಡಂ ಬಾಗಿಲು ತೋರಿಸುತ್ತಿದ್ದಳು. ಆದರೆ ಅವನ ದನಿ ಇಳಿಯಿತು. “ನಾನು ದಿನ ತುಂಬೋಕೆ ಮುಂಚೆ ಹುಟ್ಟಿದೋನು ಮೇಡಂ. ಗಾಜಿನ ಪೆಟ್ಟಿಗೇಲಿ ಇಟ್ಟಿದ್ರಂತೆ. ಆಗಿಂದು ಇರೋದು ಒಂದೇ ಫೋಟೋ. ಅದರಲ್ಲಿ ನಾನು ಕಾಣೋದೇ ಇಲ್ಲ, ಬರೀ ನರ್ಸಮ್ಮನ ಕೈ. ನೋಡಿದೋರೆಲ್ಲ ‘ಅಯ್ಯೋ ಪಾಪ’ ಅಂತಾರೆ. ನನ್ ಮಗಳನ್ನ ನೋಡಿ ಯಾರೂ ಪಾಪ ಅನ್ಬಾರದು. ಯಾರ ಕೈಯೂ ಇಲ್ದೆ ತಾನೇ ಕೂತಿರಬೇಕು. ನೀವು ಅಳಿಸಿದ್ರೂ, ಅಲ್ಲೊಂದು ಕೈ ಇತ್ತು ಅಂತ ನನಗೆ ಗೊತ್ತಿರುತ್ತಲ್ಲ?”

ಕೈ ಮೇಡಂಗೆ ಗದರುವ ಅಪ್ಪಂದಿರ ಭಯವಿರಲಿಲ್ಲ. ಭಯವಿದ್ದುದು ಇಂಥ ಮೆತ್ತನೆ ಮಾತಿನದು. ಹದಿನಾಲ್ಕು ವರ್ಷದ ಹಿಂದೆ, ಕಸುಬಿಗೆ ಹೊಸಬಳಾಗಿದ್ದಾಗ, ಇಂಥದೇ ಮಾತಿಗೆ ಕರಗಿ ಅರೆ ಸೆಕೆಂಡು ಕೈ ತೆಗೆದಿದ್ದಳು. ಕೂಸಿನ ತಲೆ ವಾಲಿ, ಮೈ ಹೊರಳಿ, ದಿಂಬಿನ ಅಂಚಿಗೆ ಬಂದುಬಿಟ್ಟಿತ್ತು. ಅಡ್ಡ ಸಿಕ್ಕಿದ್ದು ಅವಳ ಎಡ ಮಂಡಿ. ಏನೂ ಆಗಲಿಲ್ಲ. ಕೂಸು ಎಚ್ಚರವಾಗಲಿಲ್ಲ, ಮನೆಯವರು ನೋಡಲಿಲ್ಲ, ಫೋಟೋ ಚೆನ್ನಾಗಿಯೇ ಬಂದಿತ್ತು. ಅದನ್ನು ಅವಳು ಒಂದು ದಿನವೂ ಗೋಡೆಗೆ ಹಾಕಿರಲಿಲ್ಲ. ಇವತ್ತಿಗೂ ನೆನೆದರೆ ಆ ಮಂಡಿ ತಣ್ಣಗಾಗುತ್ತಿತ್ತು.

ಅಷ್ಟರಲ್ಲಿ ಕೂಸು ಬಾಯಿ ಚಪ್ಪರಿಸಿತು. ಹಾಲು ಕುಡಿಸಲು ತಾಯಿ ಪರದೆಯ ಆಚೆ ಹೋದಳು. ಕೈ ಮೇಡಂ ಕಪಾಟಿನಿಂದ ಒಂದು ಗೊಂಬೆ ಇಳಿಸಿದಳು. ಮೂರು ಕಿಲೋ ತೂಕ, ಎಳೆಕೂಸಿನದೇ ಜೋಲುವ ಕತ್ತು. ದಿನಾ ಬೆಳಿಗ್ಗೆ ಅದರ ಮೇಲೆ ಕೈ ಪಳಗಿಸಿಕೊಂಡೇ ಅವಳ ಕೆಲಸ ಶುರು.

“ಇವನು ನನ್ನ ದೊಡ್ಡಮಗ. ಹದಿನಾಲ್ಕು ವರ್ಷ ಆಯ್ತು, ಇನ್ನೂ ಕತ್ತು ನಿಂತಿಲ್ಲ. ಎಲ್ಲಿ, ನೀವೇ ಕೂರಿಸಿ, ನೀವೇ ಕೈ ಬಿಡಿ. ಏನಾಗುತ್ತೆ ನೋಡಿ, ಆಮೇಲೆ ಮಾತಾಡೋಣ.”

ಅಪ್ಪ ನಾಲಿಗೆ ಕಚ್ಚಿಕೊಂಡು ಗೊಂಬೆಯ ಮೊಣಕೈ ಊರಿಸಿದ, ಗಲ್ಲ ಏರಿಸಿದ, ಒಂದು ಕಣ್ಣು ಮುಚ್ಚಿ ಅಳತೆ ನೋಡಿದ. ಕೈ ಬಿಟ್ಟ. ಒಂದು, ಎರಡು, ಮೂರು.

ಗೊಂಬೆ ನಿಂತಿತು!

“ನೋಡಿ ಮೇಡಂ! ನಿಂತಿತೋ ಇಲ್ವೋ?”

ಕೈ ಮೇಡಂ ಗೊಂಬೆಯನ್ನೇ ದುರುಗುಟ್ಟಿ ನೋಡಿದಳು. ದೊಡ್ಡಮಗ ಇಷ್ಟು ವರ್ಷದಲ್ಲಿ ಒಮ್ಮೆಯೂ ಹೀಗೆ ಕೈ ಕೊಟ್ಟವನಲ್ಲ. ಗೊಂಬೆ ಉಸಿರಾಡುವುದಿಲ್ಲ, ನಿದ್ದೆಯಲ್ಲಿ ಬೆಚ್ಚುವುದಿಲ್ಲ, ಕೂಸು ಬೆಚ್ಚುತ್ತದೆ ಎಂದು ಹೇಳಲು ಅವಳು ಬಾಯಿ ತೆರೆದಳು.

ಆಗ ಕೇಳಿತು. ಎರಡು ಬಿಕ್ಕು. ಉಸಿರು ಕಟ್ಟಿದ ಮೌನ.

ಚೀರು ಏಳುವ ಮೊದಲೇ ಅಪ್ಪ ಮುನ್ನುಗ್ಗಿದ್ದ. ಗೊಂಬೆ ಅವನ ಎದೆಯ ಮೇಲಿತ್ತು, ಅಂಗೈ ಅದರ ಕತ್ತಿನ ಕೆಳಗೆ. “ಏನಿಲ್ಲ ಚಿನ್ನಾ, ಏನಿಲ್ಲ, ಅಪ್ಪ ಹಿಡ್ಕೊಂಡಿದ್ದೀನಿ, ಅಪ್ಪ ಹಿಡ್ಕೊಂಡಿದ್ದೀನಿ.” ಅವನ ಕೈಯ ಮೇಲೆ ಇನ್ನೊಂದು ಕೈ: ಹದಿನಾಲ್ಕು ವರ್ಷ ಆ ಗೊಂಬೆಯನ್ನು ಗೊಂಬೆಯೆಂದೇ ಬಲ್ಲ ಕೈ ಮೇಡಂನದು.

ಪರದೆ ಸರಿಯಿತು. “ಏನಾಯ್ತ್ರೀ? ಇವಳು ಹಾಲು ಕುಡೀತಿದ್ದಾಳಲ್ಲ!”

ಫೋಟೋದ ಹಿನ್ನೆಲೆ ಬಟ್ಟೆಯ ಹಿಂದಿನಿಂದ ತಮ್ಮನ ತಲೆ ಎದ್ದಿತು. “ಭಾವ, ದೊಡ್ಡಮಗನಿಗೂ ಹಸಿವಾಗಿರಬೇಕು.”

ಯಾರೂ ನಗಲಿಲ್ಲ. ಅಪ್ಪನ ಕಿವಿ ಕೆಂಪಾಗಿದ್ದವು. ಈಗ ಎದ್ದು ಹೋಗುತ್ತಾನೆ, ಸೀದಾ ಮುಂದಿನ ರಸ್ತೆಗೆ ಎಂದುಕೊಂಡಳು ಕೈ ಮೇಡಂ. ಅವನು ತನ್ನ ಅಂಗೈಯನ್ನೇ ನೋಡುತ್ತಿದ್ದ.

“ಇದು ಗೊಂಬೆ ಅಂತ ಗೊತ್ತಿತ್ತು,” ಎಂದ ಮೆಲ್ಲಗೆ. “ಮಗಳು ಪರದೆ ಆಚೆ ಇದ್ದಾಳೆ ಅಂತಾನೂ ಗೊತ್ತಿತ್ತು.”

“ಕೈಗೆ ಗೊತ್ತಿರಲಿಲ್ಲ ಸಾರ್.”

ಅವನು ಎದ್ದು, ಯಾರೂ ಹೇಳದೆಯೇ, ಮತ್ತೊಮ್ಮೆ ಮೊಣಕೈವರೆಗೆ ತೊಳೆದುಕೊಂಡು ಬಂದ. “ಎಲ್ಲಿ ಹಿಡ್ಕೋಬೇಕು, ಹೇಳಿ.”

ಹೊಟ್ಟೆ ತುಂಬಿದ ಕೂಸು ಗಾಢ ನಿದ್ದೆಗೆ ಜಾರುವವರೆಗೆ ಕಾದರು. ನೆಲದ ಮಟ್ಟದ ಮೆತ್ತೆಯ ಮೇಲೆ ಕೈ ಮೇಡಂ ಅದನ್ನು ಕೂರಿಸಿದಳು. ಕೂಸು ಒಂದಿಷ್ಟು ಮೈ ಬಿಗಿದರೂ ಈ ಭಂಗಿ ನಿಲ್ಲಿಸಿಬಿಡುವುದು ಎಂದು ಮೊದಲೇ ಹೇಳಿದ್ದಳು. ಕೂಸು ಬಿಗಿಯಲಿಲ್ಲ. ಅಪ್ಪ ಮೇಲಿನಿಂದ ತಲೆ ಹಿಡಿದ, ಕಟಕ್. ರಕ್ತ ಸರಿಯಾಗಿ ಓಡುತ್ತಿದೆಯೇ ಎಂದು ಕೈ ಮೇಡಂ ಕೂಸಿನ ಬೆರಳ ಬಣ್ಣ ನೋಡಿದಳು, ನಸುಗೆಂಪು, ಸರಿ. ಗಲ್ಲಕ್ಕೆ ತಾಗಿಸಿಟ್ಟ ಮಣಿಕಟ್ಟನ್ನು ಅಪ್ಪ ಹಿಡಿದ, ಕಟಕ್. ಒಂದು ನಿಮಿಷವೂ ಆಗಿರಲಿಲ್ಲ, ಕೂಸು ತಾಯಿಯ ಮಡಿಲು ಸೇರಿತು.

ಕಂಪ್ಯೂಟರಿನ ಪರದೆಯ ಮೇಲೆ ಮೊದಲ ಚಿತ್ರ ಮೂಡಿತು. ಪುಟ್ಟ ಮುಖ, ಅದರ ಮೇಲೆ ಛಾವಣಿಯ ಹಾಗೆ ಒಂದು ದೊಡ್ಡ ಕೈ.

“ಎರಡೂ ಸೇರಿಸಿ ಈ ಕೈ ಅಳಿಸಿ ಕೊಡ್ತೀನಿ.”

“ಅದೂ ಒಂದು ಕೊಡಿ. ಇದನ್ನ ಮಾತ್ರ ಅಳಿಸ್ಬೇಡಿ.”

“ನೋಡಿದೋರು ಪಾಪ ಅಂದ್ರೆ?”

ಅವನು ಚಿತ್ರದ ಹತ್ತಿರಕ್ಕೆ ಬಾಗಿದ. “ಆ ನರ್ಸಮ್ಮನೂ ಹೀಗೇ ಹಿಡ್ಕೊಂಡಿದ್ದಾರೆ ಮೇಡಂ. ಥೇಟ್ ಹೀಗೇ. ನಾನು ಸರಿಯಾಗಿ ನೋಡಿರಲಿಲ್ಲ.”

ಹೊರಟರು. ತಾಯಿಯ ತೋಳಲ್ಲಿ ಕೂಸು, ಅಪ್ಪನ ಹೆಗಲಿಗೆ ಚೀಲ. ಬಾಗಿಲ ಬಳಿ ಕೈ ಮೇಡಂ ಕೆಮ್ಮಿದಳು.

“ಸಾರ್, ನನ್ನ ದೊಡ್ಡಮಗ.”

ಅಪ್ಪ ಬಗ್ಗಿ ನೋಡಿಕೊಂಡ. ಚಿತ್ರ ನೋಡುತ್ತ ಎತ್ತಿಕೊಂಡಿದ್ದ ಗೊಂಬೆ ಇನ್ನೂ ಅವನ ಎಡ ತೋಳಲ್ಲೇ ಇತ್ತು. ಬಲಗೈ ಅದನ್ನು ತಟ್ಟುತ್ತಲೇ ಇತ್ತು.

“ಏನಿಲ್ಲ ಚಿನ್ನಾ, ಅಪ್ಪ ಹಿಡ್ಕೊಂಡಿದ್ದೀನಿ,” ಎಂದ ತಮ್ಮ, ಭಾವನದೇ ದನಿಯಲ್ಲಿ.

ಹೆಂಡತಿ ಸೆರಗು ಕಚ್ಚಿಕೊಂಡಳು. ಕೈ ಮೇಡಂ ಗೋಡೆಗೆ ಮುಖ ತಿರುಗಿಸಿದಳು. ಮೊದಲು ನಕ್ಕವನು ಅಪ್ಪ. ಗೊಂಬೆಯ ಕತ್ತು ಹಿಡಿದೇ, ಕಣ್ಣಲ್ಲಿ ನೀರು ಬರುವ ಹಾಗೆ, ಮೆಟ್ಟಿಲೆಲ್ಲ ಮೊಳಗುವ ಹಾಗೆ ನಕ್ಕ. ಕೂಸು ಬೆಚ್ಚಿ ಎರಡು ಸಲ ಬಿಕ್ಕಿತು.

“ಈ ಸಲ ನಾನಲ್ಲ!” ಎಂದ ತಮ್ಮ. ಅಪ್ಪನ ನಗು ಇನ್ನೂ ಜೋರಾಯಿತು.