ಅಕ್ಕೋರಿಗೆ ತಿಳಿಯದ ಕೊಲೆ

ಶಾಲಾ ಶಿಕ್ಷಕಿಯಾಗಿ ನಿವೃತ್ತರಾದ ಮೇಲೆ ಶಿವಕಾಂತಮ್ಮ ಚಿತ್ತಾಪುರದ ಗ್ರಂಥಾಲಯದಿಂದ ಪುಸ್ತಕ ತಂದು ಓದುವ ರೂಢಿ ಮಾಡಿಕೊಂಡಿದ್ದರು. ಆ ಸಲ ತಂದದ್ದು ಹಳೆಯ ಕಾಲದ, ಬಹಳ ಹೆಸರಾದ ಇಂಗ್ಲಿಷ್ ಪತ್ತೇದಾರಿ ಕಾದಂಬರಿಯೊಂದರ ಅನುವಾದ. ಗಿರಣಿಯ ಮಾಲೀಕನೊಬ್ಬ ಒಳಗಿನಿಂದ ಚಿಲಕ ಹಾಕಿದ ಕೋಣೆಯಲ್ಲಿ ಸತ್ತು ಬಿದ್ದಿದ್ದಾನೆ. ಮನೆತುಂಬ ನೆಂಟರು, ಅವರಲ್ಲಿ ಇಬ್ಬರಿಗೆ ಒಂದೇ ಹೆಸರು. ಒಬ್ಬ ಇನ್ನೊಬ್ಬನ ಕೋಟು ತೊಟ್ಟಿದ್ದ. ಗಡಿಯಾರದ ಮುಳ್ಳನ್ನು ಯಾರೋ ತಿರುಗಿಸಿದ್ದರು. ರೈಲು ತಡವಾಗಿ ಬಂದಿತ್ತು, ಇಲ್ಲವೇ ತಡವಾಯಿತೆಂದು ಯಾರೋ ಸುಳ್ಳು ಹೇಳಿದ್ದರು.

ಅರ್ಧ ಓದುವಷ್ಟರಲ್ಲಿ ಶಿವಕಾಂತಮ್ಮನಿಗೆ ಎಲ್ಲವೂ ಕಲಸಿಹೋಯಿತು. ಹಿಂದಕ್ಕೆ ಹೋಗಿ ಮತ್ತೆ ಓದಿದರು. ಮುಂದೆ ಬಂದರೆ ಮತ್ತೆ ಅದೇ ಗೊಂದಲ. ಪುಟದಲ್ಲಿ ಬಂದ ಹೆಂಗಸೊಬ್ಬಳ ಹೆಸರು ನೋಡಿ 'ಇಕಿ ಯಾರು?' ಎಂದು ತಮ್ಮನ್ನೇ ಕೇಳಿಕೊಂಡವರು ಗಕ್ಕನೆ ಪುಸ್ತಕ ಮುಚ್ಚಿದರು.

ತೆಂಗಳಿಯಲ್ಲಿದ್ದ ಅವರ ಅಕ್ಕ ಅಂಬುಬಾಯಿಗೆ ಮರೆವಿನ ಕಾಯಿಲೆ ಶುರುವಾದದ್ದು ಹೀಗೆಯೇ. ದಿನಾ ನೋಡುವ ಧಾರಾವಾಹಿಯ ನಡುವೆ ಆಕೆ ಇದೇ ಮಾತು ಕೇಳುತ್ತಿದ್ದಳು. ಮನೆಯವರು ನಗುತ್ತಿದ್ದರು. ತೀರಿಕೊಳ್ಳುವ ಹೊತ್ತಿಗೆ ಹೆತ್ತ ಮಗನ ಗುರುತೂ ಆಕೆಗೆ ಉಳಿದಿರಲಿಲ್ಲ.

ಶಿವಕಾಂತಮ್ಮ ಗಂಡನಿಗೆ ಏನೂ ಹೇಳಲಿಲ್ಲ. ರೊಟ್ಟಿ ಬಡಿಯುತ್ತ ಹಳೆಯ ವಿದ್ಯಾರ್ಥಿಗಳ ಹೆಸರುಗಳನ್ನು ನೆನಪಿಸಿಕೊಳ್ಳುವರು. ಒಂದು ಹೆಸರು ತಡವಾಗಿ ಬಂದರೆ ಕೈ ನಿಂತುಬಿಡುವುದು. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಮತ್ತೆ ಮತ್ತೆ ಹೋಗಿ ನೋಡುವರು. ಯಾಕೆ ಹೀಗಿದ್ದೀ ಎಂದು ಗಂಡ ಭೀಮಶ್ಯಾ ಕೇಳಿದಾಗ ತಲೆನೋವು ಎಂದರು.

ಪಕ್ಕದ ಮನೆಯ ಜಬೀನಾ ದಿನಾ ರೈಲಿನಲ್ಲಿ ವಾಡಿಗೆ ಹೋಗಿ ಅಲ್ಲಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದಳು. ಅವಳಿಗೆ ಈ ಕಥೆ ತಿಳಿದರೆ ದೋಷ ನನ್ನ ತಲೆಯದೇ ಎಂದುಕೊಂಡು ಶಿವಕಾಂತಮ್ಮ, ರೈಲಿನಲ್ಲಿ ಓದಲಿಕ್ಕೆ ಚಲೋ ಐತಿ ಎಂದು ಪುಸ್ತಕ ಕೊಟ್ಟರು. ಆಮೇಲೆ ಜಬೀನಾ ದಿನಾ ಸಂಜೆ ಕಂಡರೂ ಪುಸ್ತಕದ ಮಾತೇ ಎತ್ತಲಿಲ್ಲ, ಸುಮ್ಮನೆ ನಕ್ಕು ಒಳಗೆ ಹೋಗುತ್ತಿದ್ದಳು. ಅವಳಿಗೆ ಒಂದೇ ಓದಿಗೆ ತಿಳಿದಿದೆ, ಅದಕ್ಕೇ ಹೇಳುವುದೇನೂ ಇಲ್ಲ ಎಂದು ಶಿವಕಾಂತಮ್ಮ ಖಾತ್ರಿ ಮಾಡಿಕೊಂಡರು.

ಭಾನುವಾರ ಜಬೀನಾ ಪುಸ್ತಕ ಹಿಡಿದು ಬಂದು ಕೂತಳು. ಚಹಾ ಕುಡಿದರೂ ಮಾತಿಗೆ ತಡವರಿಸುತ್ತಿದ್ದಳು.

"ಅಕ್ಕೋರೆ, ನಗಬ್ಯಾಡ್ರಿ. ಎರಡು ಸಲ ಓದೀನಿ, ನಂಗ ಏನೂ ತಿಳಿಲಿಲ್ರಿ. ಗಣಿತದ ಟೀಚರ್ ಆಗಿ ನಿಮ್ಮ ಮುಂದ ಹ್ಯಾಂಗ ಹೇಳಲಿ ಅಂತ ತಪ್ಪಿಸ್ಕೊಂಡು ತಿರಗಾಕತ್ತಿದ್ದೆ."

ಶಿವಕಾಂತಮ್ಮ ಅವಳ ಮುಖವನ್ನೇ ನೋಡಿದರು. "ಖರೇ ಏನು?"

"ಖರೇನೇ ರೀ. ನಮ್ಮನಿಯವರೂ ಓದಿ ನೋಡಿದ್ರು. ಕೊಲೆ ಮಾಡಿದವ ಯಾರಂತ ಇಬ್ರೂ ಜಗಳಾಡೀವಿ."

ಅವಳು ಕೊನೆಯ ಅಧ್ಯಾಯ ತೆರೆದು ತೋರಿಸಿದಳು. ಮೊದಲು ಒಳಗಿನಿಂದ ಹಾಕಿದ್ದ ಚಿಲಕ ಅಲ್ಲಿ ಹೊರಗಿನಿಂದ ಹಾಕಿದ್ದಾಗಿತ್ತು. ಬರೆದವನಿಗೇ ಮರೆತಿತ್ತೋ, ಅನುವಾದಿಸಿದವನು ಸೋತಿದ್ದನೋ. ಶಿವಕಾಂತಮ್ಮ ನಗತೊಡಗಿದರು. ನಗುತ್ತಲೇ ಕಣ್ಣು ತುಂಬಿ ಬಂತು. ಗಾಬರಿಯಾದ ಜಬೀನಾಳಿಗೆ ಅಕ್ಕನ ಕಥೆಯನ್ನೂ ತಮ್ಮ ಅಂಜಿಕೆಯನ್ನೂ ಬಿಡಿಸಿ ಹೇಳಿದರು. ಜಬೀನಾ ಅವರ ಕೈ ಹಿಡಿದುಕೊಂಡು ಕೂತಳು.

ಒಳಗಿನಿಂದ ಎಲ್ಲ ಕೇಳಿಸಿಕೊಂಡ ಭೀಮಶ್ಯಾ ಹೊರಗೆ ಬಂದರು.

"ನನಗರೆ ಹೇಳಬಾರದಾಗಿತ್ತೇನು?" ಎಂದಷ್ಟೇ ಅಂದರು.

ಗಂಡನ ಸಮಾಧಾನಕ್ಕಾಗಿ ಕಲಬುರಗಿಯ ಡಾಕ್ಟರರ ಬಳಿಗೂ ಹೋಗಿ ಬಂದದ್ದಾಯಿತು. ಡಾಕ್ಟರು ಬಹಳ ಹೊತ್ತು ಪ್ರಶ್ನೆ ಕೇಳಿ, ಪರೀಕ್ಷಿಸಿ, ವಯಸ್ಸಿಗೆ ತಕ್ಕಂತೆ ಎಲ್ಲವೂ ಸರಿಯಾಗಿದೆ ಎಂದರು.

ಮರಳುವಾಗ ರೈಲು ಶಹಾಬಾದ ದಾಟುವಷ್ಟರಲ್ಲಿ ಶಿವಕಾಂತಮ್ಮ ಗಂಡನ ಹೆಗಲಿಗೆ ಒರಗಿ ನಿದ್ದೆ ಹೋಗಿದ್ದರು. ಬಹಳ ದಿನಗಳ ಮೇಲೆ ಬಂದ ನಿದ್ದೆ. ಚಿತ್ತಾಪುರ ಬರುವ ತನಕ ಭೀಮಶ್ಯಾ ಎಬ್ಬಿಸಲಿಲ್ಲ.