ಚಿನ್ನಕ್ಕನ ಸೆರಗಿಗೆ ಕಾವಲು ಕೂತ ಚಿಪ್

ಹಿಂದೂಪುರದ ನಮ್ಮ ನೇಕಾರರ ಕೇರಿಯಲ್ಲಿ ಹೊಸ ನಮೂನೆಯ ಸೆರಗು ಮಗ್ಗಕ್ಕೇರಿದರೆ ಯಾರೂ ನೋಡಿ ಕದಿಯದಿರಲೆಂದು ಅದರ ಮೇಲೆ ಪಂಚೆ ಹೊದಿಸುತ್ತಾರೆ. ನೆಂಟರು ಬಂದರೂ ತೆಗೆಯುವುದಿಲ್ಲ. ಹೋದ ವರ್ಷ ಚಿನ್ನಕ್ಕನೂ ಹೊದಿಸಿದ್ದರು. ಆದರೆ ಮಗ್ಗಕ್ಕೆ ಸೆರಗಿನ ಚಿತ್ತಾರ ಹೇಳುವ ತೂತಿನ ಕಾರ್ಡು ಹೊಡೆಸಲು ನಮೂನೆಯ ಫೋಟೋವನ್ನು ಯಾರದೋ ವಾಟ್ಸಾಪಿಗೆ ಕಳಿಸಿಬಿಟ್ಟಿದ್ದರು! ಅವರ ಮೊದಲ ಸೀರೆ ಮಗ್ಗದಿಂದ ಇಳಿಯುವ ಮುಂಚೆಯೇ ಅದೇ ಸೆರಗಿನ ಪವರ್‌ಲೂಮ್ ಸೀರೆ ಗೋರಂಟ್ಲದ ಅಂಗಡಿಯಲ್ಲಿ ನೇತಾಡುತ್ತಿತ್ತು. ಪಾಪ, ಎರಡು ದಿನ ಅವರು ಅನ್ನ ಮುಟ್ಟಲಿಲ್ಲ.

ಈ ಸಲ ಚಿನ್ನಕ್ಕ ಹುಣಸೆಹೂವಿನ ಸೆರಗು ಬರೆದಿದ್ದಾರೆ. ಎಂಥ ಸೊಗಸು ಅಂತೀರಿ! ನಮೂನೆಯನ್ನು ಕಾರ್ಡಿಗೆ ಇಳಿಸುವ ಕೆಲಸವನ್ನು ಈಗ ಎಲ್ಲೋ ದೂರದ ಕಂಪ್ಯೂಟರ್ ಮಾಡಿಕೊಡುತ್ತದೆ. ನೇಕಾರರ ಸೊಸೈಟಿಯಲ್ಲಿ ಕೆಲಸ ಮಾಡುವ ಪಕ್ಕದ ಮನೆಯ ಹರಿತಾ ಲ್ಯಾಪ್‌ಟಾಪ್ ಹಿಡಿದು ಬಂದಳು.

“ಊರು ಕಾಣೆ, ಮುಖ ಕಾಣೆ. ಆ ಮಿಷನ್ನೋರು ಕದ್ರೆ ಯಾರ್ನ ಕೇಳಾನ ತಲ್ಲೀ? ನಾ ಕೊಡಾಕಿಲ್ಲ, ಹೋಗು,” ಎಂದರು ಚಿನ್ನಕ್ಕ.

“ನಂಬಬ್ಯಾಡಿ ದೊಡ್ಡಮ್ಮ, ನಾನೂ ಸುಮ್ನೆ ನಂಬಾಕಿಲ್ಲ,” ಹರಿತಾ ನಕ್ಕಳು. “ಆ ಕಂಪ್ಯೂಟರಿನಾಗೆ ಒಂದು ಚಿಪ್ ಐತೆ. ಒಳಗೆ ಯಾವ ಪ್ರೋಗ್ರಾಂ ಓಡ್ತೈತೆ ಅಂತ ಅದು ಅಳೆದು, ಸೈನ್ ಹಾಕಿ ಹೇಳ್ತೈತೆ. ಆ ಸೈನು ಮಿಷನ್ ಯಜಮಾನನ ಕೈಲೂ ಹಾಕಾಕಾಗಲ್ಲ.”

“ಅವ್ನು ಒಳಗೆ ಇಣುಕಿದ್ರೆ?”

“ನಮೂನೆ ಬೀಗ ಹಾಕ್ಕೊಂಡೇ ಹೋಯ್ತೈತೆ. ಚಿಪ್ಪಿನ ಸೈನು ತಾಳೆ ನೋಡಿ, ಸೊಸೈಟಿ ಒಪ್ಪಿದ ಪ್ರೋಗ್ರಾಂ ಅಂತ ಗೊತ್ತಾದ್ಮೇಲೇ ಬೀಗದ ಕೈ ಹೋಗಾದು. ಬೀಗ ತೆಗೆಯಾದು ಚಿಪ್ ಕಾಯೋ ಜಾಗದಾಗೆ ಮಾತ್ರ. ಅಲ್ಲಿ ಯಜಮಾನಂಗೂ ಕಾಣಾಕಿಲ್ಲ.”

ಚಿನ್ನಕ್ಕನ ಗಂಡ ಶ್ರೀರಾಮುಲುಗೆ ಅವಸರ. “ಮಾತು ಸಾಕು, ಕಳ್ಸಮ್ಮ. ಮಗ್ಗ ಖಾಲಿ ನಿಂತೈತೆ.”

ಚಿನ್ನಕ್ಕ ಹೂಂ ಎಂದ ಮೇಲೆ ಹರಿತಾ ಕಳಿಸುವ ಗುಂಡಿ ಒತ್ತಿದಳು. ತೆರೆಯ ಮೇಲೆ ಕೆಂಪು ಗುರುತು ಬಂತು.

“ಅಲ್ಲಿ ಪ್ರೋಗ್ರಾಂ ಬದಲಾಗೈತೆ ದೊಡ್ಡಮ್ಮ. ನಾವು ಒಪ್ಪಿದ್ದಲ್ಲ ಇದು. ಬೀಗದ ಕೈ ಹೋಗಲಿಲ್ಲ.”

“ಅದೇನ್ ಮಹಾ! ಫೋಟೋ ತೆಗ್ದು ವಾಟ್ಸಾಪಿನಾಗೆ ಹಾಕ್ಬುಡು,” ಎಂದರು ಶ್ರೀರಾಮುಲು.

ಚಿನ್ನಕ್ಕ ದಡಕ್ಕನೆ ಎದ್ದರು. “ಹೋದ್ಸಲಾನೂ ಹಿಂಗೇ ಅಂದ್ರಿ! ನಂ ಹೊಟ್ಟೆ ಉರಿದಿದ್ದು ಸಾಲದಾ? ಆ ಚಿಪ್ ನೋಡ್ರಿ, ತನ್ನ ಯಜಮಾನನ ಮನೇಲಿ ಕೂತ್ಕೊಂಡು, ಅವ್ನ ಮುಲಾಜಿಲ್ದೆ ನಿಜ ಹೇಳ್ತು. ಎಷ್ಟು ಜನ ಹೇಳ್ತಾರೆ ಹಂಗೆ? ಕಾಯಾನ ತಲ್ಲೀ.”

ಸೊಸೈಟಿಯ ಇಂಜಿನಿಯರು ಹೊಸ ಪ್ರೋಗ್ರಾಂ ಪರೀಕ್ಷಿಸಿ ಒಪ್ಪಲು ಮೂರು ದಿನ ಹಿಡಿಯಿತು. ನಾಲ್ಕನೆಯ ದಿನ ಹಸಿರು ಗುರುತು ಬಂತು. ಚಿನ್ನಕ್ಕ ತಾವೇ ಬೆರಳಿಟ್ಟು ಒತ್ತಿದರು. ಮಧ್ಯಾಹ್ನದೊಳಗೆ ಕಾರ್ಡಿನ ಫೈಲು ಬಂತು. ಹುಣಸೆಹೂವಿನ ಮೊದಲ ಸೀರೆ ಇಳಿದದ್ದು ಅವರ ಮಗ್ಗದಲ್ಲೇ. ಅದನ್ನು ಎದೆಗವುಚಿಕೊಂಡು ಅವರು ಅತ್ತೇಬಿಟ್ಟರು, ನನಗೂ ಕಣ್ಣು ತುಂಬಿತು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ನಮೂನೆಯಾಗಲಿ, ಆಸ್ಪತ್ರೆಯ ರಿಪೋರ್ಟಾಗಲಿ, ದೂರದ ಕಂಪ್ಯೂಟರಿಗೆ ಕೊಡುವ ಮುಂಚೆ ಕೇಳಿ: ಚಿಪ್ ಸೈನ್ ಹಾಕಿತೇ? ಅದನ್ನು ತಾಳೆ ನೋಡಿದವರು ಯಾರು? ಆ ಚಿಪ್ಪಿಗೂ ಮಿತಿಯುಂಟು, ನೀವೇ ಫೋಟೋ ಹಂಚಿದರೆ ಅದು ತಡೆಯಲಾರದು. ಕೆಂಪು ಬಂದರೆ ನಿಲ್ಲಿಸಿ, ಅಡ್ಡದಾರಿ ಹಿಡಿಯಬೇಡಿ. ನೀವು ಬರೆದ ಸೆರಗನ್ನು ಮೊದಲು ಉಡುವವರು ನಿಮ್ಮ ಕೈಯಿಂದಲೇ ಕೊಂಡವರಾಗಲಿ.